ಮೈದುನ ತಂದ ಗಟ್ಟಿ ಆಯಿಲ್

ಆಯುಧಪೂಜೆಗೆ ಮೊದಲು ಮನೆಯ ಗಾಡಿಗಳಿಗೆಲ್ಲ ಆಯಿಲ್ ಬದಲಿಸುವುದು ನನ್ನ ಗಂಡನ ಮನೆಯ ಪದ್ಧತಿ. ಟ್ರ್ಯಾಕ್ಟರ್, ಟಿಲ್ಲರ್, ಕಾರು, ಎಲ್ಲಕ್ಕೂ ಒಂದೇ ಕ್ಯಾನಿನಿಂದ. ಪಂಕ್ತಿಯಲ್ಲಿ ಎಲ್ಲರ ಎಲೆಗೂ ಒಂದೇ ಸಾರು ಬಡಿಸಿದ ಹಾಗೆ. ನನ್ನವರು ಹೋದ ಮೇಲೆ, ಹಾಸನದಲ್ಲಿರುವ ನನ್ನ ಕಾರಿಗಾಗಿ ಮೈದುನ ಆ ಮನೆಯಿರುವ ಬಾಗೂರಿನಿಂದ ಪ್ರತಿ ವರ್ಷ ಆ ಕ್ಯಾನ್ ಹೊತ್ತು ಬರುತ್ತಾನೆ. ಯಾರೂ ಹೇಳಿದ್ದಲ್ಲ. ಅಣ್ಣ ಮಾಡುತ್ತಿದ್ದ ಕೆಲಸ, ಈಗ ತನ್ನದು ಎನ್ನುವ ಹಾಗೆ.

ಅವನು ತರುವುದು ಟ್ರ್ಯಾಕ್ಟರಿನ ಗಟ್ಟಿ ಆಯಿಲ್, 20W-40. ನನ್ನ ಪುಟ್ಟ ಪೆಟ್ರೋಲ್ ಕಾರಿನ ಮ್ಯಾನ್ಯುಯಲ್ ಕೇಳುವುದು 5W-30, ಅದಕ್ಕಿಂತ ತೆಳು. ಇನ್‌ಸ್ಟ್ರಕ್ಷನ್ಸ್ ಓದದೆ ಏನನ್ನೂ ಮುಟ್ಟಬೇಡಿ ಎಂದು ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ ಚಟ, ನಾನು ಅದನ್ನೆಲ್ಲ ಓದುತ್ತೇನೆ. ಹೋದ ವರ್ಷ ಮೆಲ್ಲಗೆ ಹೇಳಿ ನೋಡಿದ್ದೆ. ಅವನು ನಕ್ಕುಬಿಟ್ಟ.

“ಅದು ನೀರಿದ್ದಂಗೆ ಇರ್ತದೆ ಅತ್ಗೆ. ನಿಮ್ ಕಾರೂ ಕಾನ್ವೆಂಟಲ್ಲಿ ಓದೈತಾ?”

ನಾನೂ ನಕ್ಕೆ. ಆಮೇಲೆ ಚಳಿಯ ಬೆಳಗುಗಳಲ್ಲಿ ಸ್ಟಾರ್ಟ್ ಮಾಡಿದರೆ ಇಂಜಿನ್ ಸ್ವಲ್ಪ ಹೊತ್ತು ಟಕಟಕ ಅನ್ನುತ್ತಿತ್ತು. ಗಟ್ಟಿ ಎಣ್ಣೆ ಮೇಲೇರುವುದು ನಿಧಾನ. ಈ ಸಲ ಅವನು ಬರುವ ಮುಂಚೆಯೇ ಕದ್ದುಮುಚ್ಚಿ ವರ್ಕ್‌ಶಾಪಿಗೆ ಹೋಗಿ ತೆಳು ಆಯಿಲ್ ಹಾಕಿಸಿಕೊಂಡು ಬಂದೆ. ಅವನಿಗೊಂದು ಫೋನ್ ಮಾಡಬಹುದಿತ್ತು. ಮಾಡಿದರೆ ಬರುವುದನ್ನೇ ಬಿಟ್ಟಾನು ಎಂಬ ಭಯ. ಆ ಮನೆಯಿಂದ ನನ್ನ ಬಾಗಿಲಿಗೆ ಬರುವವನು ಅವನೊಬ್ಬನೇ.

ಬಂದ. ಕ್ಯಾನ್ ಕೆಳಗಿಟ್ಟು, ಬಾನೆಟ್ ಎತ್ತಿ, ಆಯಿಲ್ ಅಳತೆಯ ಕಡ್ಡಿ ಎಳೆದು, ಅದರ ತುದಿಯ ಎಣ್ಣೆಯನ್ನು ಬೆರಳಲ್ಲಿ ಉಜ್ಜಿದ.

“ಒಸ ಎಣ್ಣೆ,” ಅಂದ.

ಫ್ರೀ ಸರ್ವಿಸ್ ಇತ್ತು, ಅವರೇ ಹಾಕಿಬಿಟ್ಟರು ಎಂದೆ. ಈ ವಯಸ್ಸಿನಲ್ಲಿ ಸುಳ್ಳು, ಅದೂ ಇಷ್ಟು ಸಲೀಸಾಗಿ. ಫ್ರೀ ಸರ್ವಿಸ್ ಮುಗಿದು ಯಾವ ಕಾಲವಾಯಿತೆಂದು ಅವನಿಗೆ ಗೊತ್ತು.

“ಗಾಡಿಗೆ ಒಳ್ಳೇದಾದ್ರೆ ಸರಿ ಬುಡಿ.”

ಯಾವಾಗಲೂ ಧಡ್ ಎಂದು ಮುಚ್ಚುವ ಬಾನೆಟ್ಟನ್ನು ಮೆಲ್ಲಗೆ ಇಳಿಸಿದ. ಕೈಗೆ ಕೆಲಸವಿಲ್ಲದೆ ನಿಂತುಬಿಟ್ಟ. ನೋಡಲಾಗದೆ, ಮುಂದಿನ ಚಕ್ರಕ್ಕೆ ಗಾಳಿ ಕಡಿಮೆ ಇದ್ದ ಹಾಗಿದೆ, ನೋಡು ಎಂದೆ. ಕುಕ್ಕರಗಾಲಲ್ಲಿ ಕೂತು ಒತ್ತಿ ನೋಡಿದ.

“ಗಾಳಿ ಸರಿಯಾಗೇ ಐತೆ, ಅತ್ಗೆ.”

ಕಾಫಿ ಬೇಡವೆಂದ, ಬಸ್ಸಿಗೆ ಹೊತ್ತಾಯಿತಂತೆ. ಸ್ಟ್ಯಾಂಡಿನವರೆಗೆ ಬಿಡುತ್ತೇನೆಂದು ಹಟ ಹಿಡಿದು ಕೂರಿಸಿಕೊಂಡು ಹೋದೆ. ಇಂಜಿನ್ ಎಷ್ಟು ಸೈಲೆಂಟ್ ಆಗಿತ್ತೆಂದರೆ ಇಬ್ಬರಲ್ಲೊಬ್ಬರು ಮಾತಾಡಲೇಬೇಕಿತ್ತು. ಅವನು ತುಂಬಿದ ಕ್ಯಾನನ್ನು ತೊಡೆಯ ಮೇಲಿಟ್ಟುಕೊಂಡು ಹೊರಗೆ ನೋಡುತ್ತಿದ್ದ. ಅವನು ಇಳಿಯುವಾಗ, ಮುಂದಿನ ವರ್ಷವೂ ಬಾ ಎನ್ನಬೇಕೆಂದುಕೊಂಡೆ. ಯಾಕೆ ಅಂತ ಕೇಳಿದರೆ ಏನು ಹೇಳಲಿ?