ತಟ್ಟೆ ನೋಡಿ ನೋವು ತಿಳಿಯುವ ಚೋಂದಮ್ಮ

ದೆಹಲಿ ಬಳಿಯ ಮಾನೇಸರ್‌ನ ಚಳಿಗಾಲದ ಬೆಳಗು. ಮಂಜು ಎಷ್ಟು ದಟ್ಟವೆಂದರೆ ಕಾರ್ಖಾನೆಯ ಗೇಟಿನಲ್ಲಿ ನಿಂತ ಬಸ್ಸಿನ ದೀಪ ಕಾಣುತ್ತದೆ, ಬಸ್ಸು ಕಾಣುವುದಿಲ್ಲ. ಒಳಗೆ ಕ್ಯಾಂಟೀನಿನಲ್ಲಿ ಚೋಂದಮ್ಮ ಶುಂಠಿ ಚಹಾ ಬಗ್ಗಿಸುತ್ತಿದ್ದಾರೆ. ರಾತ್ರಿ ಪಾಳಿ ಮುಗಿಸಿದವರೂ ಬೆಳಗಿನ ಪಾಳಿಗೆ ಬಂದವರೂ ಒಂದೇ ಸಾಲಿನಲ್ಲಿ ನುಗ್ಗುತ್ತಾರೆ. ಲೋಟ ಕೊಡುವಾಗ ಅವರು ಪ್ರತಿಯೊಬ್ಬರ ಮುಖವನ್ನೂ ಒಮ್ಮೆ ದಿಟ್ಟಿಸುತ್ತಾರೆ. ಹೊಸಬರಿಗೆ ಮುಜುಗರ. ಆಂಟಿ ಯಾಕೆ ನೋಡುತ್ತಾರೆಂದು ಹಳಬರಿಗೆ ಗೊತ್ತು.

ಕೊಡಗಿನ ನಾಪೋಕ್ಲುವಿನ ಚೋಂದಮ್ಮ ದೆಹಲಿ ಕಡೆಗೆ ಬಂದದ್ದು ಸೈನಿಕನ ಹೆಂಡತಿಯಾಗಿ. ಪತಿ ಮೊಣ್ಣಯ್ಯ ಟ್ರಕ್ ಮಗುಚಿ ಸೊಂಟ ಮುರಿದುಕೊಂಡು ನಿವೃತ್ತರಾದರು. ವೈದ್ಯರು ಕೆಲವು ವಾರಕ್ಕೆಂದು ಬರೆದ ನೋವಿನ ಮಾತ್ರೆಯನ್ನು ಮೊಣ್ಣಯ್ಯ ಬಿಡಲಿಲ್ಲ. ಒಂದಿದ್ದದ್ದು ಎರಡಾಯಿತು, ಅಂಗಡಿ ಬದಲಿಸಿ ಬದಲಿಸಿ ಕೊಂಡರು.

"ನಮ್ಮವರು ಹಗಲೆಲ್ಲ ತೂಕಡಿಸ್ತಿದ್ರೆ ವಿಶ್ರಾಂತಿ ಅಂದ್ಕೊಂಡೆ," ಎನ್ನುತ್ತಾರೆ ಚೋಂದಮ್ಮ. "ಡಾಕ್ಟರೇ ಬರೆದ ಮಾತ್ರೆ ಅಲ್ವಾ, ಅದೂ ಚಟ ಆಗುತ್ತೆ ಅಂತ ಯಾರಿಗೆ ಗೊತ್ತಿತ್ತು?"

ವೈದ್ಯರ ಬಳಿ ಕರೆದೊಯ್ದು ಆ ಮಾತ್ರೆ ಬಿಡಿಸುವಷ್ಟರಲ್ಲಿ ಚೋಂದಮ್ಮ ಸೋತು ಹಣ್ಣಾಗಿದ್ದರು. ಈಗ ಮೊಣ್ಣಯ್ಯ ಅದೇ ಕ್ಯಾಂಟೀನಿನಲ್ಲಿ ಪೂರಿಗೆ ಹಿಟ್ಟು ನಾದುತ್ತಾರೆ.

ಕಳೆದ ಮಳೆಗಾಲದಲ್ಲಿ ಆ ಅನುಭವ ಇನ್ನೊಬ್ಬನ ನೆರವಿಗೆ ಒದಗಿತು. ಲಾತೂರಿನ ಏಕನಾಥ ಲೋಹದ ತಗಡು ಒತ್ತುವ, ಕ್ಷಣ ಮೈಮರೆತರೆ ಬೆರಳು ಹೋಗುವ ಪ್ರೆಸ್ ಯಂತ್ರದಲ್ಲಿ ದುಡಿಯುವವನು. ನಿಂತು ನಿಂತು ಬೆನ್ನುನೋವು ಹಿಡಿದಿತ್ತು. ಎರಡೆರಡು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದವನು ತಟ್ಟೆಯನ್ನು ಅರ್ಧಕ್ಕೇ ಬಿಡತೊಡಗಿದ. ಮಾತನಾಡುತ್ತಲೇ ಮೈ ಕೆರೆದುಕೊಳ್ಳುತ್ತಿದ್ದ. ಕತ್ತಲಲ್ಲಿ ಹಿಗ್ಗಬೇಕಾದ ಅವನ ಕಣ್ಣಿನ ಪಾಪೆ ಮಬ್ಬುಗತ್ತಲಲ್ಲೂ ಸಾಸಿವೆಯಷ್ಟೇ ಇರುತ್ತಿತ್ತು. ನಿನ್ನ ಬಳಿ ನೋವಿನ ಮಾತ್ರೆ ಉಳಿದಿದೆಯಾ ಎಂದು ಜೊತೆಯವರನ್ನು ಕೇಳುತ್ತಿದ್ದ. ಮಾತ್ರೆ ಸಿಗದ ದಿನ ಬೆವರಿ, ಆಕಳಿಸಿ, ಎಲ್ಲರ ಮೇಲೂ ಹರಿಹಾಯುತ್ತಿದ್ದ. ಗಂಡನಲ್ಲಿ ಕಂಡ ಗುರುತುಗಳೇ ಇವು ಎಂದು ಅರಿತ ಚೋಂದಮ್ಮ ಎರಡು ಸಲ ಒಳ್ಳೆಯ ಮಾತಿನಲ್ಲಿ ಹೇಳಿ ನೋಡಿದರು. ಅವನು ನಕ್ಕು ತಳ್ಳಿಹಾಕಿದ.

ಒಂದು ಬೆಳಿಗ್ಗೆ ತೂಕಡಿಸುತ್ತಿದ್ದ ಅವನ ಕೈಯಿಂದ ಲೋಟ ಜಾರಿತು. ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿದರೂ ಅವನು ಕಣ್ಣು ತೆರೆಯಲು ತಡಮಾಡಿದ. ಅಷ್ಟರಲ್ಲಿ ಪಾಳಿಯ ಗಂಟೆ ಮೊಳಗಿತು, ಎದ್ದು ಪ್ರೆಸ್ಸಿನತ್ತ ಹೊರಟ. ಚೋಂದಮ್ಮ ಸೌಟು ಬಿಟ್ಟು, ಕ್ಯಾಂಟೀನಿನವರು ದಾಟಬಾರದ ಹಳದಿ ಗೆರೆ ದಾಟಿ, ಮೇಲ್ವಿಚಾರಕ ಇಂದುಶೇಖರರ ಎದುರು ನಿಂತರು. ತುಮಕೂರಿನ ಇಂದುಶೇಖರ ಮೊದಲು ಸಿಟ್ಟಾದರು. ಇದು ನಿಮ್ಮ ಕೆಲಸವಲ್ಲ ಎಂದರು.

"ಅವನನ್ನ ಇವತ್ತು ಪ್ರೆಸ್ಸಿಗೆ ನಿಲ್ಲಿಸಬೇಡಿ ಸರ್. ಕೈ ಹೋದ್ರೆ ನಾಳೆ ನೀವೂ ಅನ್ನ ತಿನ್ನೋದಿಲ್ಲ, ನಾನೂ ತಿನ್ನೋದಿಲ್ಲ. ಕೆಲಸದಿಂದ ಮಾತ್ರ ತೆಗೀಬೇಡಿ. ಅವನಿಗೆ ಬೇಕಾಗಿರೋದು ಡಾಕ್ಟರು."

ಇಂದುಶೇಖರ ಏಕನಾಥನನ್ನು ಕರೆದು ಮುಖ ನೋಡಿದರು. ಅವನನ್ನು ಉಗ್ರಾಣದ ಕೆಲಸಕ್ಕೆ ಹಾಕಿ, ಗುಡಗಾಂವಿನ ವೈದ್ಯರಲ್ಲಿಗೆ ಕಳಿಸಿದರು. ಏಕಾಏಕಿ ನಿಲ್ಲಿಸಿದರೆ ಮೈ ತಡೆಯದೆಂದು ವೈದ್ಯರು ಮಾತ್ರೆಯನ್ನು ಮೆಲ್ಲಮೆಲ್ಲನೆ ಇಳಿಸಿದರು, ಬೆನ್ನಿಗೆ ವ್ಯಾಯಾಮ ಹೇಳಿಕೊಟ್ಟರು.

ಏಕನಾಥ ಮಾತ್ರ ಚೋಂದಮ್ಮನ ಕೈಯಿಂದ ಚಹಾ ಮುಟ್ಟಲಿಲ್ಲ. ಪ್ರೆಸ್ಸಿನಿಂದ ತೆಗೆಸಿ ತನ್ನ ಹೊಟ್ಟೆಯ ಮೇಲೆ ಹೊಡೆದರೆಂದು ಎಲ್ಲರೆದುರು ದೂರಿದ. ಕೆಲವರು ಅವನ ಪಕ್ಷ ವಹಿಸಿದರು. ಚೋಂದಮ್ಮ ಆ ದಿನಗಳಲ್ಲಿ ಮನೆಗೆ ಹೋಗಿ ಅತ್ತದ್ದುಂಟು. ಹೆಂಡತಿಗೆ ಧೈರ್ಯ ಹೇಳುವ ಸರದಿ ಮೊಣ್ಣಯ್ಯನವರದಾಗಿತ್ತು. ನಾನೂ ನಿನ್ನನ್ನು ಹೀಗೇ ಬೈದಿದ್ದೆ, ಇರಲಿ ಬಿಡು, ಎಂದರಂತೆ.

ದೀಪಾವಳಿ ಕಳೆದ ಮೇಲೆ ಏಕನಾಥ ಕ್ಯಾಂಟೀನಿಗೆ ಬಂದ. ಒಬ್ಬನೇ ಅಲ್ಲ, ವೆಲ್ಡಿಂಗ್ ವಿಭಾಗದವನೊಬ್ಬನ ತೋಳು ಹಿಡಿದು ಕರೆತಂದಿದ್ದ. "ಆಂಟಿ, ಇವನ ಕಣ್ಣು ಸ್ವಲ್ಪ ನೋಡಿ," ಎಂದ. ಚೋಂದಮ್ಮ ಇಬ್ಬರನ್ನೂ ಕೂರಿಸಿ, ಮೊದಲು ಊಟ ಬಡಿಸಿದರು.

ಮಾತ್ರೆ ಬಿಟ್ಟ ಏಕನಾಥ ಈಗ ಮತ್ತೆ ಪ್ರೆಸ್ಸಿಗೆ ನಿಲ್ಲುತ್ತಾನೆ. ಏನಾದರೂ ಬೇಕೆಂಬ ಆಸೆ ಇದೆಯೇ ಎಂದರೆ ಚೋಂದಮ್ಮ ಕ್ಯಾಂಟೀನಿನ ಬೆಂಚುಗಳತ್ತ ಕೈ ತೋರುತ್ತಾರೆ. "ಇವಕ್ಕೆ ಒರಗಿಕೊಳ್ಳೋಕೆ ಹಿಂದೆ ಹಲಗೆ ಇಲ್ಲ. ಅದೊಂದು ಕಂಪನಿಯವರು ಹಾಕಿಸಿಕೊಡಲಿ. ಇಷ್ಟು ಮಕ್ಕಳಿಗೆ ಬಡಿಸ್ತೀನಿ, ಹತ್ತೂ ಬೆರಳಲ್ಲಿ ತಟ್ಟೆ ಹಿಡ್ಕೊಂಡು ಬರ್ತಾರೆ. ನನಗೆ ಅದೇ ಹೆಮ್ಮೆ."