ಕ್ಯಾಸೆಟ್ಟಿಗೆ ಊದುವವರು

ನಮ್ಮ ಮನೆತನದಲ್ಲಿ ಕೆಟ್ಟ ವಸ್ತುವಿಗೆ ಮೊದಲ ಚಿಕಿತ್ಸೆಯೆಂದರೆ ಊದುವುದು. ರಿಮೋಟ್ ಮಾತು ಕೇಳದಿದ್ದರೆ ಸೆಲ್ ತೆಗೆದು ಊದುತ್ತೇವೆ; ಚಾರ್ಜರ್ ಮುನಿಸಿಕೊಂಡರೆ ಅದರ ತುದಿಗೆ ಊದುತ್ತೇವೆ. ಮೊನ್ನೆ ಶಿವಮೊಗ್ಗದ ಕಾಲೇಜಿನಲ್ಲಿ ಪೆನ್‌ಡ್ರೈವ್ ತೆರೆದುಕೊಳ್ಳದಿದ್ದಾಗ, ಪ್ರೋಗ್ರಾಮಿಂಗ್ ಬೋಧಿಸಿ ಸಂಬಳ ಪಡೆಯುವ ನಾನೇ ತುಂಬಿದ ತರಗತಿಯೆದುರು ಕೆನ್ನೆಯುಬ್ಬಿಸಿ ಊದಿಬಿಟ್ಟೆ. ಹುಡುಗರು ಬಿದ್ದು ಬಿದ್ದು ನಕ್ಕರು. ನಗಲಿ ಬಿಡಿ, ಅದು ತೆರೆದುಕೊಂಡಿತಲ್ಲ!

ಈ ವಾಯುಚಿಕಿತ್ಸೆಯ ಮೂಲಪೀಠ ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್. ಅಪ್ಪ ಬೋನಸ್ ಬಂದ ವರ್ಷ ಟೀವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಸೆಟ್ ತಂದಿದ್ದರು. ಅದಕ್ಕೆ ತುರುಕುವ ಹಳದಿ ಕ್ಯಾಸೆಟ್ಟಿನ ಮೇಲೆ ಲಕ್ಷಗಟ್ಟಲೆ ಆಟಗಳಿವೆಯೆಂದು ಮುದ್ರಿಸಿದ್ದರು. ಒಳಗಿದ್ದವು ಬೆರಳೆಣಿಕೆಯಷ್ಟು, ಮಿಕ್ಕವೆಲ್ಲ ಅಂಗಿಯ ಬಣ್ಣ ಬದಲಿಸಿಕೊಂಡು ಮತ್ತೆ ಬಂದ ಅದೇ ಆಸಾಮಿಗಳು. ಮುಂದೆ ಚುನಾವಣೆಗಳಲ್ಲಿ ಮತ ಹಾಕುವಾಗ ಈ ಪೂರ್ವಾನುಭವ ನನಗೆ ಬಹಳ ಉಪಕಾರಕ್ಕೆ ಬಂತು. ಕ್ಯಾಸೆಟ್ ತೆಗೆಯುವುದು, ಊದುವುದು, ಮತ್ತೆ ತುರುಕುವುದು: ಈ ಪ್ರಾಣಾಯಾಮವಾಗದೆ ಆಟ ಶುರುವಾಗುತ್ತಿರಲಿಲ್ಲ.

ಆ ಆಟಗಳಲ್ಲಿ ಹಳ್ಳ ಹಾರುವ ಒಂದು ಆಟಕ್ಕೆ ನನ್ನಕ್ಕ ಶಾರದೆಯೇ ಕ್ವಾರ್ಟರ್ಸಿನ ಚಕ್ರವರ್ತಿನಿ. ಪಕ್ಕದ ಮನೆಯ ಸೆಲ್ವಿ ಎಷ್ಟು ತಿಣುಕಿದರೂ ಅಕ್ಕನನ್ನು ಸೋಲಿಸಲಾಗಲಿಲ್ಲ. ಅದೇ ಬೆರಳುಗಳಿಂದ ಅಕ್ಕ ಮುಂದೆ ರವಿಕೆ ಹೊಲಿಯುವ ಕಸುಬು ಹಿಡಿದಳು, ಅದೇ ಸೆಲ್ವಿ ಅವಳ ಖಾಯಂ ಗಿರಾಕಿಯಾದಳು.

ಈ ಬೇಸಿಗೆಯಲ್ಲಿ ಅಕ್ಕ ಬಚ್ಚಲಿನಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡಳು. ಪಟ್ಟಿ ಬಿಚ್ಚಿದ ವೈದ್ಯರು ಎಲ್ಲ ಕೂಡಿಕೊಂಡಿದೆ ಎಂದರೂ ಅವಳಿಗೆ ನಂಬಿಕೆಯಿಲ್ಲ. ಸೆಲ್ವಿಯ ಮಗಳ ಮದುವೆ ರವಿಕೆಯ ರೇಷ್ಮೆ ಬಟ್ಟೆ ಮನೆಯಲ್ಲಿ ಬಿದ್ದಿತ್ತು. ಕತ್ತರಿ ಅಡ್ಡಾದಿಡ್ಡಿ ಓಡಿದರೆ ಮತ್ತೆ ಸೇರಿಸಲಾಗದ ಬಟ್ಟೆ. ಅಕ್ಕ ಫೋನಿನಲ್ಲೇ ತೀರ್ಮಾನ ಹೇಳಿದಳು: "ಆ ಹಳ್ಳ ಹಾರೋ ಆಟ ತಂದ್ಕೊಡೋ. ಅದ್ರಲ್ಲಿ ಬೆರಳು ಮಾತು ಕೇಳಿದ್ರೆ ಕತ್ತರಿ ಹಿಡೀತೀನಿ. ಇಲ್ಲಾಂದ್ರೆ ಬಟ್ಟೆ ವಾಪಸ್ ಕೊಟ್ಟು, ಮಿಷನ್ನಿಗೂ ಮುಸುಕು ಹಾಕಿ ಕೂತ್ಕೋತೀನಿ."

ಹಳೆಯ ಸೆಟ್ ಎಂದೋ ಗುಜರಿ ಸೇರಿತ್ತು. ಆದರೇನು, ಎಮ್ಯುಲೇಟರ್ ಎಂಬ ತಂತ್ರಾಂಶವಿದೆಯಲ್ಲ. ಹೊಸ ಕಂಪ್ಯೂಟರಿಗೆ ಹಳೆಯ ಯಂತ್ರದ ವೇಷ ತೊಡಿಸಿ, ನೀನಿನ್ನೂ ನಿನ್ನ ಹಳೇ ಮನೆಯಲ್ಲೇ ಇದ್ದೀಯೆ ಎಂದು ಆಟವನ್ನು ನಂಬಿಸುವ ಸಭ್ಯ ವಂಚನೆ. ಈ ಲೋಕದಲ್ಲೂ ಮಡಿವಂತರಿದ್ದಾರೆ, ಮಹನೀಯರೇ! ಅಂತರ್ಜಾಲದ ಜಗಲಿಯ ಮೇಲೆ ಕುಳಿತು, ಹಳೆಯ ಯಂತ್ರದ ಚಿಪ್ ಯಾವ ಕ್ಷಣದಲ್ಲಿ ತಡವರಿಸುತ್ತಿತ್ತೋ ಹೊಸದೂ ಅದೇ ಕ್ಷಣದಲ್ಲಿ ತಡವರಿಸಬೇಕು, ಇಲ್ಲವಾದರೆ ಮೈಲಿಗೆ ಎಂದು ಪರಸ್ಪರ ಬಹಿಷ್ಕಾರ ಹಾಕಿಕೊಳ್ಳುತ್ತಾರೆ. ನಾನೂ ಅವರ ಶಾಸ್ತ್ರಗಳನ್ನೆಲ್ಲ ಪಾರಾಯಣ ಮಾಡಿ, ಪರಮ ಮಡಿಯ ತಂತ್ರಾಂಶವನ್ನೇ ಲ್ಯಾಪ್‌ಟಾಪಿಗೆ ಹಾಕಿ, ಶಿವಮೊಗ್ಗದ ರಾಗಿಗುಡ್ಡದ ಮನೆಯಿಂದ ಹೊರಟು ಭದ್ರಾವತಿಯ ಬಸ್ಸು ಹತ್ತಿದೆ.

ಅಕ್ಕ ಆಡಿದಳು. ಮೊದಲ ಹಳ್ಳಕ್ಕೇ ಬಿದ್ದಳು. ಮತ್ತೆ ಆಡಿದಳು, ಮತ್ತೆ ಬಿದ್ದಳು. "ಇದೇನೋ ನಾಯಿ ಅಟ್ಟಿಸ್ಕೊಂಡು ಬಂದಂಗೆ ಓಡ್ತಾನೆ ಇವ್ನು!" ಎಂದಳು. ಯಂತ್ರದ ಪರಿಶುದ್ಧಿಯಲ್ಲಿ ಅಚಲ ಶ್ರದ್ಧೆಯಿದ್ದ ನಾನು, "ಯಂತ್ರ ಸರಿ ಇದೆ ಅಕ್ಕ. ವಯಸ್ಸಾಯ್ತಲ್ಲ ನಮ್ಗೂ," ಎಂದು ಪಾಂಡಿತ್ಯಪೂರ್ಣವಾಗಿ ತೀರ್ಪಿತ್ತೆ. ಅವಳು ರೇಷ್ಮೆ ಬಟ್ಟೆಯನ್ನು ಮಡಿಸಿ ಸೆಲ್ವಿಯ ಚೀಲಕ್ಕೆ ಹಾಕಿ ಬಾಗಿಲ ಬಳಿ ಇಟ್ಟು, ಕಾಫಿ ಮಾಡಲು ಒಳಗೆ ಹೋದಳು.

ಅಡುಗೆಮನೆಯಿಂದ ಗುನುಗು ಕೇಳಿಸಿತು. ಎಷ್ಟೋ ವರ್ಷಗಳಿಂದ ಹೊಲಿಗೆ ಮಿಷನ್ನಿನ ಮುಂದೆ ಅಕ್ಕ ಗುನುಗುವ ಅದೇ ಆಟದ ರಾಗ. ಇಲ್ಲಿ ಲ್ಯಾಪ್‌ಟಾಪಿನಲ್ಲೂ ಅದೇ ರಾಗ, ಆದರೆ ಊಟಕ್ಕೆ ತಡವಾದ ಪುರೋಹಿತರ ಮಂತ್ರದ ವೇಗದಲ್ಲಿ. ಎರಡೂ ಕೂಡುತ್ತಿಲ್ಲ. ಅಯ್ಯೋ ನನ್ನ ಮಂಡೆಯೇ! ಆಗ ಹೊಳೆಯಿತು. ನಮ್ಮ ದೇಶದ ಟೀವಿ ಸೆಕೆಂಡಿಗೆ ಐವತ್ತು ಚಿತ್ರ ತೋರಿಸುತ್ತಿತ್ತು, ಅಮೆರಿಕದ್ದು ಅರವತ್ತು. ಆಟ ಬರೆದವನು, ಒಂದು ಚಿತ್ರಕ್ಕೆ ಒಂದು ಹೆಜ್ಜೆ ಎಂದು ಲೆಕ್ಕ ಹಾಕಿ ಬರೆದಿದ್ದ. ಹಾಗಾಗಿ ಭದ್ರಾವತಿಯಲ್ಲಿ ನಾಯಕನೂ ಅವನ ಸಂಗೀತವೂ ತುಸು ಸಾವಧಾನವಾಗಿ ನಡೆಯುತ್ತಿದ್ದವು. ನನ್ನ ಮಡಿಯ ತಂತ್ರಾಂಶ ತಾನಾಗಿಯೇ ಅಮೆರಿಕವನ್ನು ಪ್ರಮಾಣವೆಂದು ಹಿಡಿದಿತ್ತು. ಪ್ರೋಗ್ರಾಮಿಂಗ್ ಮೇಷ್ಟ್ರಾದ ನಾನು ಅದನ್ನು ನೋಡಲೂ ಹೋಗಿರಲಿಲ್ಲ. ಪರರ ಗಡಿಯಾರ ಹಿಡಿದು ಅಳೆದರೆ ಯಾರಿಗಾದರೂ ವಯಸ್ಸಾಗುತ್ತದೆ, ಅಲ್ಲವೇ?

ತಂತ್ರಾಂಶದಲ್ಲಿ ದೇಶ ಆರಿಸುವ ಗುಂಡಿಯನ್ನು ಅಮೆರಿಕದ ಅರವತ್ತರಿಂದ ನಮ್ಮ ಐವತ್ತಕ್ಕೆ ಬದಲಿಸಿದೆ. ಆದರೆ ಹೇಳುವುದು ಹೇಗೆ? ನಿಧಾನ ಮಾಡಿದ್ದೇನೆ ಎಂದರೆ ಮುಗಿಯಿತು. ಮುದುಕಿಯೆಂದು ಕನಿಕರಿಸಿದ್ದಾನೆ ಎಂದುಕೊಂಡು ಬಟ್ಟೆಯ ಜೊತೆಗೆ ನನ್ನನ್ನೂ ಆಚೆ ಕಳಿಸುತ್ತಾಳೆ. ಐವತ್ತು, ಅರವತ್ತರ ವ್ಯಾಖ್ಯಾನಕ್ಕೆ ತೊಡಗಿದರೆ ಅದೂ ಸಮಾಧಾನದ ಮಾತಿನಂತೆಯೇ ಕೇಳಿಸುತ್ತದೆ. ಬಾಲ್ಯದಲ್ಲಿ ಒಮ್ಮೆ ಸೆಲ್ವಿ ಬೇಕೆಂದೇ ಸೋತುಕೊಟ್ಟಳೆಂದು ವಾರಗಟ್ಟಲೆ ಮಾತು ಬಿಟ್ಟವಳು ಇವಳು.

ಕಾಫಿ ಬಂತು. "ಇನ್ನೊಂದ್ಸಲ ಆಡು," ಎಂದೆ. "ಸಾಕು ಮಾರಾಯ, ಆದ ಮರ್ಯಾದೆ ಸಾಲ್ದಾ?" ಎನ್ನುತ್ತಿದ್ದವಳು ರಾಗ ಕಿವಿಗೆ ಬಿದ್ದದ್ದೇ ಮಾತು ನಿಲ್ಲಿಸಿದಳು. ಲೋಟ ಕೆಳಗಿಟ್ಟು ಕೂತಳು. ಮೊದಲ ಹಳ್ಳ ದಾಟಿದಳು, ಎರಡನೆಯದನ್ನೂ ದಾಟಿದಳು. ಸೆಲ್ವಿ ಸದಾ ಬೀಳುತ್ತಿದ್ದ ಆ ಅಗಲದ ಹಳ್ಳಕ್ಕೆ ಬಂದಾಗ ನಾನು ಉಸಿರು ಬಿಗಿಹಿಡಿದಿದ್ದೆ. ಅಕ್ಕ ರೆಪ್ಪೆ ಮಿಟುಕಿಸದೆ ಹಾರಿ ಆಚೆ ನಿಂತಳು. ಸಂತೋಷಕ್ಕೆ ನನ್ನ ಕಣ್ಣು ತುಂಬಿ ಬಂತು. ನಾಚಿಕೆಯಾಗಿ ಕಾಫಿ ಕುಡಿದೆ.

ಅವಳು ತಿರುಗಿ ನನ್ನನ್ನೇ ದಿಟ್ಟಿಸಿದಳು. "ಏನೋ ಮಾಡ್ದೆ ಇದಕ್ಕೆ?"

"ಏನಿಲ್ಲ ಅಕ್ಕ. ಊದಿದೆ."

"ಕಾಲೇಜಲ್ಲಿ ಪಾಠ ಬೇರೆ ಮಾಡ್ತಾನಂತೆ! ಅದನ್ನ ಮೊದ್ಲೇ ಮಾಡೋಕೆ ಏನಾಗಿತ್ತು ನಿಂಗೆ?"

ಬಾಗಿಲ ಬಳಿಯ ಚೀಲದಿಂದ ರೇಷ್ಮೆ ಬಟ್ಟೆ ತೆಗೆದು ನೆಲದ ಮೇಲೆ ಹಾಸಿದಳು. ಮಿಷನ್ನಿನ ಡ್ರಾಯರಿನಿಂದ ಕತ್ತರಿ ಹೊರಬಂತು. ಅದರ ಅಲಗುಗಳನ್ನು ಅಗಲಿಸಿ, ನಡುವೆ ಒಮ್ಮೆ ಬಲವಾಗಿ ಊದಿ, ಬಟ್ಟೆಗೆ ಇಟ್ಟಳು.