ಬ್ಲಿಯಾ ಮೇಡಂ ರೋಗಿಯಾಗಿ ಕೂತ ದಿನ

ಅಮೆರಿಕದ ಸೇಂಟ್ ಪಾಲ್‌ನ ನಮ್ಮ ನರ್ಸಿಂಗ್ ಕಾಲೇಜಿನಲ್ಲಿ ಮನೋರೋಗದ ಪಾಠ ಬ್ಲಿಯಾ ಥಾವ್ ಅವರದು. ಹ್ಮಾಂಗ್ ಬುಡಕಟ್ಟಿನವರು, ಕೂಸಾಗಿ ಲಾವೋಸಿನ ಬೆಟ್ಟಗಳಿಂದ ತಾಯಿಯ ಬೆನ್ನಮೇಲೆ ಬಂದವರು. ಪ್ರತಿವರ್ಷ ತಾವೇ ರೋಗಿಯಾಗಿ ಕುರ್ಚಿಯಲ್ಲಿ ಕೂತು, ವಿದ್ಯಾರ್ಥಿಗಳಿಂದ ಪ್ರಶ್ನೆ ಕೇಳಿಸುತ್ತಿದ್ದರು. “ನನ್ನ ಈಲಿ ಭಾರವಾಗಿದೆ” ಎಂದು ನರಳುವರು. ಯಾರಾದರೂ ಲಿವರಿನ ರಕ್ತಪರೀಕ್ಷೆ ಎಂದರೆ ಮುಗಿಯಿತು, ಮೇಡಂ ಗದರುವರು.

“ಅಯ್ಯೋ ಪುಣ್ಯಾತ್ಮ, ನೀನು ದುಃಖದಲ್ಲಿ ಎದೆ ಭಾರ ಅಂದ್ರೆ ನಾನು ಇಸಿಜಿ ಮಾಡ್ತೀನಾ? ನಮ್ಮೋರಿಗೆ ದುಃಖ ಕೂರೋದು ಈಲೀಲಿ ಕಣೋ.”

ಒಂದು ವರ್ಷ ಹಿಮ ಬೀಳುವ ಮೊದಲೇ ಅವರ ತಾಯಿ ತೀರಿಕೊಂಡರು. ಕರ್ಮಗಳನ್ನು ಮುಗಿಸಿ ಬಂದ ಬ್ಲಿಯಾ ಅಳಲಿಲ್ಲ, ರಜೆ ಕೇಳಲಿಲ್ಲ. ಸಹೋದ್ಯೋಗಿಯಾದ ನಾನು ಏನಾದರೂ ಕೇಳಿದರೆ “ಚೆನ್ನಾಗಿದೀನಿ” ಎನ್ನುವರು. ನಾನೂ ನಂಬಿಕೊಂಡೆ.

ರೋಗಿಯ ಪಾಠದ ದಿನ ಹಿಂದಿನ ಬೆಂಚಿನಲ್ಲಿ ನಾನಿದ್ದೆ. ಪ್ರಶ್ನೆ ಕೇಳಲು ಬಂದವಳು ಇಫ್ರಾ ಎಂಬ ಸೋಮಾಲಿ ಹುಡುಗಿ.

“ಸಾಯ್ಬೇಕು ಅನ್ಸುತ್ತಾ?” ಎಂದು ಬ್ಲಿಯಾರನ್ನು ಕೇಳಿದಳು.

“ಹಾಗೆ ನೇರ ಕೇಳಿದ್ರೆ ನಮ್ಮ ಹ್ಮಾಂಗ್ ಅಜ್ಜಿಯಾದ್ರೆ ಎದ್ದು ಹೋಗ್ತಾಳೆ. ಸಾವನ್ನ ಹೆಸರು ಹಿಡಿದು ಕರೆದಂಗೆ. ಸುತ್ತು ಹಾಕಿ ಬಾ. ಆದ್ರೆ ಕೇಳದೆ ಮಾತ್ರ ಬಿಡ್ಬೇಡ.”

ಇಫ್ರಾ ಪ್ರಶ್ನೆ ತಿರುಗಿಸಿದಳು. “ಬೆಳಿಗ್ಗೆ ಏಳದಿದ್ರೇನೇ ವಾಸಿ ಅನ್ಸುತ್ತಾ?”

“ಇಲ್ಲ. ಏನೂ ಅನ್ಸಲ್ಲ. ಅಮ್ಮನ ಬಟ್ಟೆ ಒಗೆದೆ, ಮಡಚಿಟ್ಟೆ. ಯಾರದೋ ಬಟ್ಟೆ ಇದ್ದಂಗಿತ್ತು.”

ಎಲ್ಲರೂ ಬರೆದುಕೊಂಡರು. ಇಫ್ರಾ ಪೆನ್ನು ಕೆಳಗಿಟ್ಟಳು.

“ಮೇಡಂ, ಇದು ಪಾಠದ್ದಾ, ನಿಮ್ದಾ?”

“ಪಾಠದ್ದು. ಮುಂದೆ ಕೇಳು.”

ತರಗತಿ ಬಿಟ್ಟ ಮೇಲೂ ಹುಡುಗಿ ಕದಲಲಿಲ್ಲ. “ಸಾವಿನ ಮಾತು ಕೇಳಿದ ಮೇಲೆ ಒಬ್ಬರನ್ನೇ ಬಿಟ್ಟು ಹೋಗ್ಬಾರ್ದು ಅಂತ ನೀವೇ ಹೇಳಿದ್ರಿ. ಯಾರಿಗೆ ಫೋನ್ ಮಾಡ್ಲಿ?”

 ಬ್ಲಿಯಾ ಪಕ್ಕದ ರಾಜ್ಯ ವಿಸ್ಕಾನ್ಸಿನ್‌ನಲ್ಲಿರುವ ಅಕ್ಕನ ನಂಬರ್ ಹೇಳಿದರು.

ವಾರಾಂತ್ಯಕ್ಕೆ ಅಕ್ಕ ಬಂದು, ಹಿರಿಯರನ್ನು ಕರೆಸಿ, ದುಃಖಕ್ಕೆ ಮೈಬಿಟ್ಟು ದೂರ ಹೋದ ಬ್ಲಿಯಾರ ಜೀವವನ್ನು ಮನೆಗೆ ಕರೆಯುವ ಶಾಸ್ತ್ರ ಮಾಡಿಸಿದಳು. ಬಾಗಿಲಲ್ಲಿ ಮೊಟ್ಟೆ, ಅಕ್ಕಿ ಇಟ್ಟು ಹಿರಿಯರು ಅವರ ಹೆಸರು ಹಿಡಿದು ಕೂಗಿದರು. ಬಂದವರೆಲ್ಲ ಬ್ಲಿಯಾರ ಮಣಿಕಟ್ಟಿಗೆ ಬಿಳಿ ದಾರ ಕಟ್ಟಿದರು. ನಾನೂ ಕಟ್ಟಿದೆ. ಅವರ ಕೈ ತಣ್ಣಗಿತ್ತು.

“ಏನಾದ್ರೂ ಅನ್ಸ್ತಾ?” ಎಂದು ಮೆಲ್ಲಗೆ ಕೇಳಿದೆ.

“ಇಲ್ಲ. ಹಸಿವಾಗ್ತಿದೆ.”

ಅಕ್ಕ ಕೋಳಿಸಾರು ಬಡಿಸಿದಳು. ಬ್ಲಿಯಾ ಉಂಡು, ಅಲ್ಲೇ ಚಾಪೆಯ ಮೇಲೆ ನಿದ್ದೆಹೋದರು. ಮುಂದಿನ ತಿಂಗಳು ಕೌನ್ಸೆಲರ್ ಬಳಿಯೂ ಹೋದರು, ಅಕ್ಕನ ಬಲವಂತಕ್ಕೆ. ಅಳು ಬಂದದ್ದು ಯಾವಾಗಲೋ ನನಗೆ ತಿಳಿಯದು. ಪಾಠವಂತೂ ನಡೆದಿದೆ. ರೋಗಿಯ ಕುರ್ಚಿಯಲ್ಲಿ ಈಗ ತಮ್ಮ ಬದಲು ನನ್ನನ್ನು ಕೂರಿಸುತ್ತಾರೆ.